ಕಾಲಡಿಯ ನಿಂಬೆಹಣ್ಣು

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬಲೂ ಬೇಡಿ. ನಮ್ಮ ಓಣಿಯಲ್ಲಿ ನನ್ನ ಮಾತು ನಂಬಿ, ಇಲ್ಲದ ಮದುವೆಗೆ ಹೊಸ ಪಟಗ ಸುತ್ತಿಕೊಂಡು ಮಾಗನೂರಿನವರೆಗೆ ಹೋಗಿ ಹಸಿದು ಬಂದವರಿದ್ದಾರೆ. ಆದರೂ ಪಂಥ ಕಟ್ಟುತ್ತೇನೆ. ಇದನ್ನು ಕೊನೆಯವರೆಗೆ ಓದಿ. ಇದರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿದ್ದು, ಮಿಕ್ಕದ್ದೆಲ್ಲ ನಡೆದದ್ದು. ಯಾವುದು ಕಟ್ಟಿದ್ದು ಅಂತ ಹೇಳಿದವರಿಗೆ ನನ್ನ ಬೆಳ್ಳಿ ಉಡದಾರ ಬಿಚ್ಚಿ ಕೊಡುತ್ತೇನೆ. ಅದು ನನ್ನ ಸೊಂಟದಲ್ಲಿ ಇದೆಯೋ ಇಲ್ಲವೋ ಆಮೇಲೆ ನೋಡಿಕೊಳ್ಳೋಣ.

ಮೊನ್ನೆ ನನ್ನ ಮೊಮ್ಮಗ ಹೊಸ ಸರಕಿನ ಗಾಡಿ ತಂದ. ಅವನ ಹತ್ತಿರ ಇಂಥವು ಒಂದಿಷ್ಟಿವೆ, ನಾರಾಯಣಪೇಟೆಯ ಸೀರೆ ಗಂಟುಗಳನ್ನು ಊರೂರಿಗೆ ಮುಟ್ಟಿಸುತ್ತವೆ. ಪೂಜೆ ಮಾಡಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟರು. ಪಚಕ್ ಅಂತು. ರಸದ ವಾಸನೆ, ಬಿಸಿ ಇಂಜಿನ್ನಿನ ಎಣ್ಣೆ ವಾಸನೆ, ಎರಡೂ ಕೂಡಿ ಮೂಗಿಗೆ ಬಂದವು. ನೂರರ ಹತ್ತಿರದ ಮುದುಕ ನಾನು, ಕಟ್ಟೆಯ ಮೇಲೆ ಕೂತವನು ಹಾಗೇ ಕೂತುಬಿಟ್ಟೆ...

ಮೊಮ್ಮಗ ಬಂದು ಗಾಡಿಯೊಳಗಿನ ಒಂದು ಪುಟ್ಟ ಡಬ್ಬಿ ತೋರಿಸಿದ.

"ಮುತ್ಯಾ, ಇದನ್ನ ನೋಡು. ಡ್ರೈವರ್ ಜೋರ್ ಒತ್ತಿದ್ರ, ಗಕ್ಕನ ಬ್ರೇಕ್ ಹೊಡದ್ರ, ಸುಮ್ನ ನಿಂತು ಇಂಜಿನ್ ಉರಸಿದ್ರ, ಎಲ್ಲಾ ನನ್ನ ಫೋನಿಗೆ ಬಂದು ಹೇಳ್ತೈತಿ. ಎಣ್ಣಿ ಭಾಳ ಉಳೀತೈತಿ."

"ನಮ್ಮ ಕಾಲದಾಗೂ ಇಂಥಾದ್ದೊಂದು ಇತ್ತಲೇ."

"ಹೌದಾ? ಏನಂತಿದ್ರಿ ಅದಕ್ಕ?"

"ನಿಂಬಿಕಾಯಿ."

ಮುತ್ಯಾನ ಮಾಮೂಲಿ ಚೇಷ್ಟೆ ಅಂತ ನಕ್ಕು ಹೋದ. ಊರಿನ ಕಿವಿಗೆಲ್ಲ ಹೂವಿಟ್ಟವನಿಗೆ ಇದೇ ಶಿಕ್ಷೆ. ನಿಜ ಹೇಳಿದ ದಿನ ಯಾರೂ ನಿಲ್ಲುವುದಿಲ್ಲ.

ನಾವು ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ಅವರ ಹೆಂಡತಿಯಂತೂ ಕರೆಯುವ ಹಾಗೇ ಇರಲಿಲ್ಲ. ನಿಜಾಮರ ಆಳ್ವಿಕೆ, ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದ ಕಾಲ. ನಾರಾಯಣಪೇಟೆಯ ಒಬ್ಬ ಶೇಂಗಾ ಗಿರಣಿ ಸಾಹುಕಾರರಿಗೆ ಮೂರು ಲಾರಿಗಳಿದ್ದವು. ಎರಡು ಈ ದಂಡೆಯಲ್ಲಿ, ಒಂದು ಆ ದಂಡೆಯಲ್ಲಿ, ನಡುವೆ ಕೃಷ್ಣೆ. ನಮ್ಮ ಕಡೆ ಸೇತುವೆ ಇರಲಿಲ್ಲ. ನಮ್ಮ ಲಾರಿಗಳು ನಾರಾಯಣಪೇಟೆಯಿಂದ ಮಕ್ತಲ್ ಹಾದು ಹೊಳೆಯವರೆಗೆ ಹೋಗುತ್ತಿದ್ದವು. ಸರಕು ಹರಿಗೋಲಿನಲ್ಲಿ ದಾಟುತ್ತಿತ್ತು. ಆಚೆ ಗದ್ವಾಲದ ಲಾರಿ ಅದನ್ನು ಹೊತ್ತುಕೊಳ್ಳುತ್ತಿತ್ತು. ಈಚೆಯ ಲಾರಿಗಳೂ ಆಚೆಯದೂ ಒಂದನ್ನೊಂದು ಎಂದೂ ಹತ್ತಿರದಿಂದ ನೋಡಲಿಲ್ಲ. ಮುನಿಸಿಕೊಂಡ ಬೀಗರ ಹಾಗೆ ದಂಡೆಯ ಮೇಲೆ ನಿಂತು, ದೂರದಿಂದಲೇ ಹಾರನ್ ಹೊಡೆದು ಮಾತಾಡಿಸುತ್ತಿದ್ದವು.

ಉಸ್ತಾದ್ ಮೂರೂ ಲಾರಿಗಳ ಹಿರಿಯ. ಒಂದು ನಡೆಸುವುದು ಅವರು, ಇನ್ನೊಂದು ನಾನು, ಆಚೆಯದು ಗದ್ವಾಲದವನೊಬ್ಬ. ನನ್ನ ಬಗ್ಗೆ ನಾನೇ ಹೇಳಬಾರದು, ಆದರೆ ಹೇಳುವವರೆಲ್ಲ ಸತ್ತುಹೋಗಿದ್ದಾರೆ. ಆ ಸೀಮೆಯಲ್ಲಿ ನನ್ನಷ್ಟು ಜೋರಾಗಿ ಲಾರಿ ಓಡಿಸುವವನು ಇನ್ನೊಬ್ಬ ಇರಲಿಲ್ಲ. ಮಕ್ತಲ್ ರಸ್ತೆಯಲ್ಲಿ ಸರ್ವಿಸ್ ಬಸ್ಸು ಕಂಡರೆ ಸಾಕು, ಅದನ್ನು ಹಿಂದೆ ಹಾಕಿ, ಅದರ ಡ್ರೈವರನ ಬಾಯಿಗೆ ಒಂದು ಹಿಡಿ ಧೂಳು ಕೊಡದಿದ್ದರೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಆದರೆ ಲಡಾಯಿ ಶುರುವಾದ ಮೇಲೆ ಪೆಟ್ರೋಲು ಪರವಾನಗಿ ಚೀಟಿಯ ಮೇಲೆ ಬರತೊಡಗಿತು. ಟ್ಯಾಂಕಿಗೆ ಬಿದ್ದಷ್ಟೇ ಲಾರಿಯ ಆಯುಷ್ಯ. ಉಸ್ತಾದ್ ಒಂದು ಅಮಾವಾಸ್ಯೆಯ ದಿನ ಗಾಡಿ ಪೂಜೆ ಮಾಡಿ, ಎಲ್ಲರಂತೆ ನಿಂಬೆಹಣ್ಣನ್ನು ಚಕ್ರದ ಕೆಳಗಿಡುವ ಬದಲು ಒಳಗೆ ಬಗ್ಗಿ ಎಕ್ಸಲೇಟರ್ ಪೆಡಲಿನ ಕೆಳಗೆ ದಾರದಿಂದ ಕಟ್ಟಿದರು.

"ಇವತ್ತಿಂದ ಇದು ಸಂಜಿಗೆ ಹಿಂಗ ಇಡಿಯಾಗಿ ನನ್ನ ಕೈಗೆ ಬರಬೇಕು," ಅಂದರು.

"ಒಡದ್ರ, ಉಸ್ತಾದ್ರೀ?"

"ಒಡದ್ರ ಪೆಟ್ರೋಲ್ ಅಲ್ಲ, ನನ್ನ ರಕ್ತ ಸುಟ್ಟಿ ಅಂತ ತಿಳ್ಕೊ."

ಅವರು ದಾಮರಗಿದ್ದದ ಕಡೆಯ ಕುರಿಗಾರರ ಮನೆತನದವರು. ಲಾರಿಯ ಮೂತಿಗೆ ದಿನಾ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚುತ್ತಿದ್ದರು. ಸ್ಟೇರಿಂಗ್ ಹಿಡಿದದ್ದು ನಡುವಯಸ್ಸಿನಲ್ಲಿ, ಅದಕ್ಕೂ ಮೊದಲು ಹಿಡಿದದ್ದು ಕುರಿಗೋಲು. ಅವರಿಗೆ ಲಾರಿ ಅಂದರೂ ಕುರಿಯೇ. "ಕುರೀನ ಓಡಿಸಿದ್ರ ಊರು ಜಲ್ದಿ ಮುಟ್ಟತಾವ, ಆದ್ರ ಮೈಯಾಗಿನ ಕೊಬ್ಬು ದಾರ್ಯಾಗ ಕರಗತೈತಿ. ಸಂತ್ಯಾಗ ಮಾರಾಕ ಬರೇ ಎಲುಬು ಉಳೀತಾವ," ಅನ್ನುತ್ತಿದ್ದರು. ಮುಂದೆ ಹಿಂಡು ಕಂಡರೆ ದೂರದಲ್ಲೇ ಕಾಲು ಎತ್ತುತ್ತಿದ್ದರು. ಲಾರಿ ತನ್ನ ಓಟವನ್ನು ತಾನೇ ತಿನ್ನುತ್ತ ನಿಧಾನವಾಗಿ ಹೋಗಿ ಮುಟ್ಟುವಷ್ಟರಲ್ಲಿ ಕುರಿಗಳು ಸರಿದು ದಾರಿ ಬಿಟ್ಟಿರುತ್ತಿದ್ದವು. ನಿಂತದ್ದೇ ಇಲ್ಲ, ಬ್ರೇಕಿನ ಮೇಲೆ ಕಾಲಿಟ್ಟದ್ದೂ ಇಲ್ಲ. ನಾನಾದರೆ ಹಿಂಡಿನ ಬಾಲದವರೆಗೆ ಹೋಗಿ, ಕಿರ್ರನೆ ನಿಲ್ಲಿಸಿ, ಹಾರನ್ ಹೊಡೆದು, ಕುರಿಗಾರನ ಅಜ್ಜನವರೆಗೆ ಬೈದು, ಮತ್ತೆ ಮೊದಲ ಗೇರಿನಿಂದ ಶುರು ಮಾಡುತ್ತಿದ್ದೆ.

"ಏರಿನ್ಯಾಗ ಏನ್ ಮಾಡ್ಬೇಕ್ರಿ? ಒತ್ತದಿದ್ರ ಹತ್ತಂಗಿಲ್ಲ, ಒತ್ತಿದ್ರ ನಿಂಬಿಕಾಯಿ ಉಳ್ಯಂಗಿಲ್ಲ."

"ಏರು ಹತ್ತೂದು ಏರಿನ್ಯಾಗಲ್ಲಲೇ. ಅದಕ್ಕಿಂತ ಮದ್ಲು, ಬಯಲಾಗ."

ಅಷ್ಟೇ. ಅದರ ಅರ್ಥ ಬಯಲಿನಲ್ಲೇ ಓಟ ಕೂಡಿಸಿಕೊಳ್ಳಬೇಕು, ಏರಿನಲ್ಲಿ ಗೇರು ಇಳಿಸಬೇಕು ಅಂತ. ಅದು ನನ್ನ ತಲೆಗೆ ಹೊಗಲು ಎಷ್ಟು ನಿಂಬೆಹಣ್ಣು ಬಲಿಯಾದವೋ. ಅವರು ಮಾತನ್ನೂ ಪೆಟ್ರೋಲಿನಂತೆಯೇ ಬಳಸುತ್ತಿದ್ದರು. ನಾನು ಯಾರನ್ನೋ ಕಂಡು ಲಾರಿ ನಿಲ್ಲಿಸಿ ಹರಟೆಗೆ ಬಿದ್ದರೆ ಬಂದು ಇಂಜಿನ್ ಬಂದ್ ಮಾಡಿ, "ಬಾಯಿಗೆ ಪೆಟ್ರೋಲ್ ಬೇಕಾಗಂಗಿಲ್ಲ," ಅಂದು ಹೋಗುತ್ತಿದ್ದರು. ಹೊರಡುವ ಮುಂಚೆ ಕೋಲಿನಿಂದ ಟೈರುಗಳನ್ನು ತಟ್ಟಿ, ಕುಂಬಾರನ ಗಡಿಗೆ ಕೊಳ್ಳುವವರ ಹಾಗೆ ಕಿವಿಗೊಟ್ಟು ಕೇಳುತ್ತಿದ್ದರು. ಸರಕಿನ ಮೇಲೆ ಹೊದಿಸಿದ ತಾಡಪತ್ರಿ ಗಾಳಿಗೆ ಪಟಪಟ ಅಂದರೆ ಇಳಿದು ಬಿಗಿಯುತ್ತಿದ್ದರು. ಅದೂ ಪೆಟ್ರೋಲು ಕುಡಿಯುತ್ತದಂತೆ. ಇಷ್ಟೆಲ್ಲ ಜಿಪುಣತನದ ನಡುವೆ ಅವರಿಗೊಂದೇ ಧಾರಾಳ, ಮೀಸೆಗೆ ಅತ್ತರು. ಕನ್ನಡಿಯಲ್ಲಿ ಹಿಂದಿನ ರಸ್ತೆಗಿಂತ ಅವರು ಮೀಸೆ ನೋಡಿದ್ದೇ ಹೆಚ್ಚು. ಇದನ್ನು ಅವರೆದುರು ಹೇಳುವ ಧೈರ್ಯ ಆಗ ನನಗಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಚೆ ದಂಡೆಯ ಗದ್ವಾಲದವನ ನಿಂಬೆಹಣ್ಣು ಕೂಡ ಹರಿಗೋಲಿನಲ್ಲಿ ತಪಾಸಣೆಗೆ ಬರುತ್ತಿತ್ತು. ಅಂಬಿಗ ಅದನ್ನು ಅಂಗೈ ಮೇಲೆ ಹೊತ್ತು ತಂದು, "ನಿಮ್ಮ ಮುಸಾಫಿರ್ ಬಂದಾನ ನೋಡ್ರಿ, ಛಾರ್ಜ್ ಯಾರ್ ಕೊಡ್ತೀರಿ," ಅಂತ ಕೇಳುತ್ತಿದ್ದ.

ಈ ತಪಾಸಣೆಗೆ ನಾನು ಹೂಡದ ಆಟವಿಲ್ಲ. ಧೋತರದ ಮಡಿಕೆಯಲ್ಲಿ ಒಂದು ಇಡೀ ಹಣ್ಣು ಬಚ್ಚಿಟ್ಟುಕೊಂಡು, ಒಡೆದದ್ದನ್ನು ಎಸೆದು ಅದನ್ನು ಕಟ್ಟಿದೆ. ಉಸ್ತಾದ್ ಹಣ್ಣು ನೋಡಲೇ ಇಲ್ಲ. "ಕಾಲು ತಾ," ಅಂದು ನನ್ನ ಪಾದ ಮೂಸಿದರು. ಹುಳಿ ವಾಸನೆ ಸಿಕ್ಕಿತು. ಮರುದಿನ ನಾನು ಕಾಲಿಗೆ ಚಿಮಣಿ ಎಣ್ಣೆ ಸವರಿಕೊಂಡು ಬಂದೆ.

"ನಿಂಬಿ ವಾಸನಿ ಇಲ್ಲ. ಚಿಮಣಿ ಎಣ್ಣಿ ವಾಸನಿ ಐತಿ," ಅಂದರು. "ಪಾದಕ್ಕ ದೀಪ ಹಚ್ಚಾವ ಇದ್ದೇನು?"

ಗಿರಣಿಯ ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನನ್ನು ನೋಡಿ ಜನ ನಗುವುದು, ಅದೂ ನಾನು ನಗಿಸದೆ... ಅದನ್ನು ತಡೆಯುವುದು ನನ್ನಿಂದಾಗಲಿಲ್ಲ. ಸೇಡು ತೀರಿಸಿಕೊಂಡೆ. ಮಕ್ತಲ್‌ನಲ್ಲಿ ಅವರು ಊಟ ಮುಗಿಸಿ ಹುಣಸೆ ಮರದ ಕೆಳಗೆ ಒರಗಿದಾಗ, ಅವರ ಲಾರಿಯ ನಿಂಬೆಹಣ್ಣನ್ನು ಬಿಚ್ಚಿ, ಕಚ್ಚಿ, ಬೆಲ್ಲದ ನೀರಿಗೆ ಹಿಂಡಿ ಪಾನಕ ಮಾಡಿ ಕುಡಿದು, ಸಿಪ್ಪೆಯನ್ನು ತಿರುಗಿ ಅಲ್ಲೇ ಕಟ್ಟಿಟ್ಟೆ.

ಆ ಸಂಜೆ ಅವರು ಆ ಸಿಪ್ಪೆ ಹಿಡಿದು ನಿಂತ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ತಮ್ಮ ಬಲಗಾಲನ್ನೊಮ್ಮೆ ನೋಡಿಕೊಂಡರು, ಅದು ಯಾರದೋ ಕಾಲು ಎಂಬ ಹಾಗೆ. ಮರುದಿನ ಅವರು ಎಷ್ಟು ನಿಧಾನ ಹೋದರೆಂದರೆ ಎತ್ತಿನ ಬಂಡಿಗಳು ಅವರನ್ನು ಹಿಂದೆ ಹಾಕಿದವು. ಬಂಡಿಯವರು ತಿರುಗಿ ನೋಡಿ, "ಉಸ್ತಾದ್ರೀ, ಮೈಯಾಗ ಆರಾಮಿಲ್ಲೇನ್ರಿ?" ಅಂತ ಕೇಳಿದರು. ಹಿಂದಿನ ಲಾರಿಯಲ್ಲಿ ನಾನು ನಕ್ಕೂ ನಕ್ಕೂ ಸ್ಟೇರಿಂಗ್ ಮೇಲೆ ಬಿದ್ದೆ. ಆ ನಗುವೇ ನನ್ನನ್ನು ಹಿಡಿದುಕೊಟ್ಟಿತು. ಅವರು ಲಾರಿ ನಿಲ್ಲಿಸಿ, ಇಳಿದು, ಜೇಬಿನಿಂದ ಆ ಸಿಪ್ಪೆ ತೆಗೆದು ಬಿಸಿಲಿಗೆ ಹಿಡಿದರು.

"ನನ್ನ ಪಾದಕ್ಕ ಹಲ್ಲಿಲ್ಲ," ಅಂದರು.

ನಾನು ಬಾಯಿ ಮುಚ್ಚಿಕೊಂಡೆ.

"ನಿಂಬಿಕಾಯಿ ಬಾಯಾಗೂ ಸುಳ್ಳು ಹೇಳ್ಸಿದೆಲ್ಲೋ. ನೀ ಡ್ರೈವರ್ ಅಲ್ಲ. ಕ್ಲೀನರ್."

ಅಂದಿನಿಂದ ಅವರ ಬಾಯಲ್ಲಿ ನಾನು ಕ್ಲೀನರ್. ಲಾರಿ ನಾನೇ ನಡೆಸುತ್ತಿದ್ದೆ, ಸಂಬಳ ಡ್ರೈವರನದೇ, ಊರೆಲ್ಲ ನನ್ನನ್ನು ಡ್ರೈವರ್ ಸಾಬ್ ಅನ್ನುತ್ತಿತ್ತು. ಉಸ್ತಾದ್ ಮಾತ್ರ ಸಂತೆಯ ನಡುವೆ, ಗಿರಣಿಯ ಅಂಗಳದಲ್ಲಿ, ಹೊಸದಾಗಿ ನನಗೆ ಹೆಣ್ಣು ಕೊಡಲು ಬಂದವರೆದುರು ಕೂಡ, "ಏ ಕ್ಲೀನರ್, ಇತ್ತ ಬಾ," ಅನ್ನುವರು. ಅವರು ಒಂದು ಸಲ, ಒಂದೇ ಸಲ ಡ್ರೈವರ್ ಅನ್ನಲಿ ಅಂತ ನಾನು ಎಷ್ಟು ಹಂಬಲಿಸಿದೆ... ನಗಬೇಡಿ. ಆ ಹಂಬಲಕ್ಕೇ ನಾನು ನಿಜವಾಗಿ ಕಲಿತದ್ದು. ಬಸ್ಸಿನ ಜೊತೆ ಪೈಪೋಟಿ ಬಿಟ್ಟೆ. ಹೊಳೆಯ ಇಳಿಜಾರಿನಲ್ಲಿ ಕಾಲು ಪೂರ್ತಿ ಎತ್ತಿ ಲಾರಿಯನ್ನು ಅದರ ಪಾಡಿಗೆ ಬಿಟ್ಟು ಇಳಿಸುವುದು ಕಲಿತೆ. ಬರಿಗಾಲಲ್ಲಿ ಪೆಡಲ್ ಮುಟ್ಟಿದರೆ ಕೆಳಗಿನ ಹಣ್ಣಿನ ಮೆತ್ತನೆ ಬೆರಳಿಗೆ ಗೊತ್ತಾಗುತ್ತಿತ್ತು. ಕೂಸಿನ ಕೆನ್ನೆ ಮುಟ್ಟಿದ ಹಾಗೆ. ಒಂದೊಂದು ಸಂಜೆ ಇಡೀ ಹಣ್ಣು ಅವರ ಕೈಗೆ ಕೊಟ್ಟು ನಿಂತೆ. ಅವರು ತಿರುಗಿಸಿ ನೋಡಿ, "ಹೂಂ," ಅನ್ನುವರು. ಅಷ್ಟೇ.

ಸಾಹುಕಾರರು ಒಂದು ಮಾತು ಕೊಟ್ಟಿದ್ದರು. ಉಳಿಸಿದ ಪೆಟ್ರೋಲಿನಲ್ಲಿ ಸ್ವಲ್ಪ ನಮ್ಮದು, ಅದರಲ್ಲಿ ಲಾರಿಯನ್ನು ನಮ್ಮ ಮನೆಗೆಲಸಕ್ಕೆ ಒಯ್ಯಬಹುದು ಅಂತ. ಅದಕ್ಕೆ ನಾವು ಮನಿ ಟ್ರಿಪ್ ಅನ್ನುತ್ತಿದ್ದೆವು. ಆ ವರ್ಷ ಉಸ್ತಾದ್ ಬಂದು, "ಈ ಸಲದ್ದು ನಂಗ ಬೇಕು," ಅಂದರು. ಬೇಡುವುದು ಅವರ ಬಾಯಿಗೆ ಹೊಸದು. ಮಾತು ಮುಗಿಯುವ ಮೊದಲೇ ಬೇರೆ ಕಡೆ ನೋಡಿದರು.

ಅವರಿಗೆ ಒಬ್ಬಳೇ ಮಗಳು, ಗದ್ವಾಲಕ್ಕೆ ಕೊಟ್ಟಿದ್ದರು. ಹಿಂದಿನ ಸಲ ಬಸಿರಾಗಿ, ಚೊಚ್ಚಲ ಹೆರಿಗೆಗೆ ಎತ್ತಿನ ಬಂಡಿಯಲ್ಲಿ ತವರಿಗೆ ಬರುವಾಗ ಕಲ್ಲು ದಾರಿಯಲ್ಲಿ ಬಂಡಿ ಕುಲುಕಿ ಬಸಿರು ನಿಲ್ಲಲಿಲ್ಲ. ಈಗ ಮತ್ತೆ ದಿನ ತುಂಬುತ್ತಿದ್ದವು. ಸೀಮಂತದ ಕುಬಸ ಆಗಿತ್ತು. ಬೀಗರು, "ಬಂಡ್ಯಾಗ ಮಾತ್ರ ಕಳಸಂಗಿಲ್ಲ," ಅಂದರು. ಉಸ್ತಾದ್ ಲಾರಿ ತರುತ್ತೇನೆ ಅಂದಾಗ ಬೀಗರು ನಕ್ಕುಬಿಟ್ಟರಂತೆ, "ಬಂಡಿ ಕುಲುಕತೈತಿ, ಲಾರಿ ಕುಣೀತೈತಿ," ಅಂತ. "ಅದು ಹೊಡ್ಯಾವನ ಮ್ಯಾಲ ಐತಿ," ಅಂದು ಬಂದಿದ್ದರು ಇವರು. ಮನೆಯಲ್ಲಿ ಅವರ ಹೆಂಡತಿ, ಮಗಳು ಹೊಸ್ತಿಲು ದಾಟುವವರೆಗೆ ಒಪ್ಪತ್ತು ಊಟ ಅಂತ ಬೀರಪ್ಪನಿಗೆ ಹರಕೆ ಹೊತ್ತಿದ್ದರು.

ಅಲ್ಲಿಂದ ಮುಂದೆ ನಮ್ಮ ಮೂವರ ನಿಂಬೆಹಣ್ಣುಗಳಲ್ಲಿ ಒಂದೂ ಒಡೆಯಲಿಲ್ಲ. ನಂಬಿ. ಹರಿಗೋಲಿನಲ್ಲಿ ಬಂದ ಗದ್ವಾಲದವನದು ಕೂಡ ಆಗ ತಾನೇ ಗಿಡದಿಂದ ಕಿತ್ತ ಹಾಗಿರುತ್ತಿತ್ತು.

ಕರೆತರುವ ದಿನ ನಾನು ಉಸ್ತಾದರ ಜೊತೆ ಅವರ ಲಾರಿಯಲ್ಲೇ ಹೊಳೆಗೆ ಹೋದೆ. ಖಾಲಿ ಲಾರಿ ಪುಟಿಯುತ್ತದೆ ಅಂತ ಶೇಂಗಾ ಚೀಲ ಹೇರಿ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೌದಿ ಹಾಸಿದ್ದೆವು. ಆಚೆ ದಂಡೆಯಲ್ಲಿ, ಮಗಳನ್ನು ತಂದ ಗದ್ವಾಲದ ಲಾರಿ ಹಾರನ್ ಹೊಡೆಯಿತು. ಹರಿಗೋಲು ತಿರುಗುತ್ತ ತಿರುಗುತ್ತ ಬಂತು. ಅಷ್ಟು ವರ್ಷ ಕುಚೋದ್ಯ ಮಾಡಿದ ಅಂಬಿಗ ಅಂದು ಒಂದು ಮಾತೂ ಆಡಲಿಲ್ಲ. ಮಗಳನ್ನು ಎತ್ತಿ ಇಳಿಸಿ ಕೌದಿಯ ಮೇಲೆ ಮಲಗಿಸಿದೆವು. ಉಸ್ತಾದ್ ಮುಂದೆ ಬಂದು, ಭಂಡಾರ ಹಚ್ಚಿ, ಹೊಸ ನಿಂಬೆಹಣ್ಣು ಕಟ್ಟಿ, ಸ್ಟೇರಿಂಗ್ ಮುಂದೆ ಕೂತರು. ನಾನು ಹ್ಯಾಂಡಲ್ ತಿರುವಿದೆ. ಇಂಜಿನ್ ಹತ್ತಿತು. ಲಾರಿ ಮಾತ್ರ ಕದಲಲಿಲ್ಲ.

ಹೋಗಿ ನೋಡಿದರೆ ಅವರ ಬಲಗಾಲು ನಡುಗುತ್ತಿತ್ತು. ಪೆಡಲ್ ಮೇಲೆ ಟಪಟಪ ಅಂತ, ತಾಡಪತ್ರಿ ಗಾಳಿಗೆ ಬಡಿದುಕೊಳ್ಳುವ ಹಾಗೆ. ಅದನ್ನು ಬಿಗಿದು ಕಟ್ಟಲು ಅವರ ಹತ್ತಿರ ಹಗ್ಗವಿರಲಿಲ್ಲ. ಇಂಜಿನ್ ಬಂದ್ ಮಾಡಿ ಇಳಿದರು.

"ಕ್ಲೀನರ್, ಏರು."

"ನಾನೇನ್ರಿ?"

"ಮತ್ತ ಯಾರು? ಬೀರಪ್ಪ ಬರ್ತಾನೇನು ಹೊಡ್ಯಾಕ?" ಅಂದು ಹಿಂದೆ ನಡೆದರು. ಏರುವ ಮುಂಚೆ ತಿರುಗಿ, "ನಾ ಹಲಗಿ ಬಡದ್ರ ನಿಲ್ಸು," ಅಂದರು.

ಆ ದಾರಿ... ನಾನು ಅದನ್ನು ನಿದ್ದೆಗಣ್ಣಲ್ಲೂ ಓಡಿಸಿದವನು. ಅಂದು ಅದರ ಒಂದೊಂದು ಕಲ್ಲೂ ನನಗೆ ಹೊಸದಾಗಿ ಪರಿಚಯವಾಯಿತು. ಹೊಳೆದಂಡೆಯ ಏರು ಬರುವ ಮೊದಲೇ ಬಯಲಿನಲ್ಲಿ ಏರು ಹತ್ತಿದೆ. ಹಳ್ಳದ ತಗ್ಗಿಗೆ ಲಾರಿಯನ್ನು ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿಸಿದ ಹಾಗೆ ಒಂದೊಂದೇ ಚಕ್ರ ಇಳಿಸಿದೆ. ಕಿವಿ ಪೂರ್ತಿ ಬೆನ್ನ ಹಿಂದಿನ ಹಲಗೆಯ ಮೇಲಿತ್ತು. ಈಗ ಬಡಿಯುತ್ತಾರೆ, ಈಗ ಬಡಿಯುತ್ತಾರೆ... ಬಡಿಯಲಿಲ್ಲ. ಸತ್ತಂತೆ ಸುಮ್ಮನಿದ್ದ ಆ ಹಲಗೆ ಬಡಿದ ಹಲಗೆಗಿಂತ ಹೆಚ್ಚು ಹೆದರಿಸುತ್ತಿತ್ತು.

ಮಕ್ತಲ್ ಇನ್ನೂ ಮುಂದಿರುವಾಗ ಬೆನ್ನಿಗೆ ಅದೇ ಸರ್ವಿಸ್ ಬಸ್ಸು ಬಂತು. ಹಾರನ್ ಮೇಲೆ ಹಾರನ್. ನಾನು ದಾರಿ ಬಿಟ್ಟೆ. ಅದರ ಡ್ರೈವರ್ ನನ್ನ ಪಕ್ಕಕ್ಕೆ ಬಂದು, ಅರ್ಧ ಮೈ ಹೊರಗೆ ಹಾಕಿ ನಕ್ಕ.

"ಏಮಯ್ಯಾ, ಇವತ್ತು ಲಾರಿಗೆ ಎಮ್ಮಿ ಕಟ್ಟೀ ಏನು? ಜೋರ್ ಹೊಡದ್ರ ಹಾಲು ಚೆಲ್ತದಾ?"

ನನ್ನ ಕಾಲು, ನನ್ನ ಹುಚ್ಚು ಕಾಲು, ಪೆಡಲ್ ಮೇಲೆ ತಾನಾಗಿಯೇ ಬಿಗಿಯಿತು. ಬೆರಳ ಕೆಳಗೆ ಹಣ್ಣು ಗಟ್ಟಿಯಾದದ್ದು ಗೊತ್ತಾಯಿತು. ಕಾಲು ಎತ್ತಿದೆ. "ಚೆಲ್ತದಪ್ಪಾ, ನೀ ಮುಂದ ಹೋಗು," ಅಂದೆ. ಜೀವಮಾನದಲ್ಲಿ ಹೀಯಾಳಿಸಿಕೊಂಡೂ ಆ ಬಸ್ಸಿಗೆ ನಾನು ಕೊಟ್ಟ ದಾರಿ ಅದೊಂದೇ. ಅದು ಎಬ್ಬಿಸಿದ ಧೂಳು ಮಗಳಿಗೆ ತಾಗಬಾರದೆಂದು, ಅದು ಅಡಗುವವರೆಗೆ ನನ್ನ ಲಾರಿ ನಡೆದು ಹೋಗುವವರ ಜೊತೆ ನಡೆಯಿತು.

ಮಕ್ತಲ್‌ನಲ್ಲಿ ಹುಣಸೆ ಮರದ ಕೆಳಗೆ ನೀರಿಗೆ ನಿಲ್ಲಿಸಿದೆ. ಹಿಂದೆ ಹೋಗಿ ಇಣುಕಿದರೆ ಮಗಳು ಎದ್ದು ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಳು. ಉಸ್ತಾದರ ಮೀಸೆ ತುಂಬ ಧೂಳು, ಅತ್ತರು ಎಲ್ಲಿ ಹೋಗಿತ್ತೋ.

"ಅಣ್ಣಾ, ಒಂದು ಕೇಳ್ತೀನಿ ಬ್ಯಾಸರ ಮಾಡ್ಕೊಬ್ಯಾಡ," ಅಂದಳು. "ನಾವು ಹೊಂಟೀವೋ, ಹೊಳಿ ದಂಡ್ಯಾಗ ನಿಂತೀವೋ? ನಂಗ ಗೊತ್ತಾಗವಲ್ದು."

ನನಗೆ ಸಿಕ್ಕ ಬಿರುದುಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ನಾನು ಉಸ್ತಾದರ ಮುಖ ನೋಡಿದೆ. ಅವರು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ಖಾಲಿಯಾದ ಮೇಲೂ ತಂಬಿಗೆ ಇಳಿಸಲಿಲ್ಲ.

ಇಳಿಹೊತ್ತಿಗೆ ನಾರಾಯಣಪೇಟೆ ಮುಟ್ಟಿದೆವು. ಅವರ ಹೆಂಡತಿ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಮಗಳು ತನ್ನ ಕಾಲ ಮೇಲೆ ತಾನೇ ಇಳಿದಳು. ಉಸ್ತಾದ್ ಮಗಳ ಕಡೆ ಹೋಗುವ ಮೊದಲು ನನ್ನ ಕಡೆ ಬಂದರು. ಒಳಗೆ ಬಗ್ಗಿ ದಾರ ಬಿಚ್ಚಿದರು. ನಿಂಬೆಹಣ್ಣನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಇಡಿಯಾಗಿತ್ತು. ಒಂದು ಕಡೆ ಪೆಡಲಿನ ಮೂಲಕ ಬಿದ್ದ ನನ್ನ ಕಾಲಿನ ಒತ್ತು ಮಾತ್ರ ತುಸು ಮೂಡಿತ್ತು, ಆ ಬಸ್ಸಿನವನು ಬಿಟ್ಟುಹೋದ ಗುರುತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಾ ಡ್ರೈವರ್, ಒಳಗ ಬಾ, ನೀರು ಕುಡಿ," ಅಂದರು.

ಆ ಮನೆಯಲ್ಲೇ ಗಂಡುಕೂಸು ಹುಟ್ಟಿತು. ಗಟ್ಟಿ ಗಂಟಲಿನ ಕೂಸು, ಹಾರನ್ ಇದ್ದ ಹಾಗೆ.

ಲಡಾಯಿ ಮುಗಿಯಿತು. ಕೆಲವು ವರ್ಷಕ್ಕೆ ನಿಜಾಮರ ಆಳ್ವಿಕೆಯೂ ಮುಗಿಯಿತು. ಸಾಹುಕಾರರು ಲಾರಿಗಳನ್ನು ಮಾರಿದರು. ಉಸ್ತಾದ್ ಹೆಂಡತಿ ತೀರಿದ ಮೇಲೆ ಮಗಳ ಊರಿಗೆ, ಹೊಳೆಯಾಚೆಗೆ ಹೋದರು. ಹೋಗುವಾಗ ನಾನು ಊರಲ್ಲಿರಲಿಲ್ಲ, ಯಾರದೋ ಸರಕು ಹೇರಿಕೊಂಡು ರಾಯಚೂರಿಗೆ ಹೋಗಿದ್ದೆ. ಒಮ್ಮೆ ಹೋಗಿ ನೋಡಬೇಕು, ನೋಡಬೇಕು ಅನ್ನುತ್ತಲೇ ಕಾಲ ಸರಿಯಿತು... ನಾನು ಗದ್ವಾಲಕ್ಕೆ ಹೋದದ್ದು ಅವರು ಮಣ್ಣಾದ ಮೇಲೆ. ಮಗಳು ನನ್ನನ್ನು ಗುರುತಿಸಿ, "ಅಣ್ಣಾ, ತಡಾ ಮಾಡಿದಿ," ಅಂದಳು. ಆಮೇಲೆ ಗೋಡೆಯ ಗೂಡಿನಲ್ಲಿದ್ದ ದೇವರ ಮಾಡಿನ ಕಡೆ ಕೈ ತೋರಿಸಿದಳು. ಬೀರಪ್ಪನ ಭಂಡಾರದ ಬಟ್ಟಲ ಪಕ್ಕ, ದಾರ ಸುತ್ತಿದ ಒಂದು ಒಣ ನಿಂಬೆಹಣ್ಣು ಇತ್ತು. ಕಲ್ಲಿನಷ್ಟು ಗಟ್ಟಿ, ಕರ್ರಗೆ. ತಿರುಗಿಸಿದೆ. ಒಂದು ಕಡೆ ಸಣ್ಣ ತಗ್ಗು.

"ಯಾರೂ ಮುಟ್ಟಂಗಿದ್ದಿಲ್ಲ ನೋಡು ಅದನ್ನ. ನನ್ನ ಮಗಾ ಆಡಾಕ ತಗೊಂಡ್ರ ಸೈತ ಅಪ್ಪ ಬೈತಿದ್ದ," ಅಂದಳು.

ನಾನು ನನ್ನ ಕೈಯ ಹೆಬ್ಬೆರಳನ್ನು ಆ ತಗ್ಗಿನ ಮೇಲಿಟ್ಟೆ. ಹಣ್ಣು ಸುಕ್ಕಿ ಸಣ್ಣದಾಗಿತ್ತು, ಬೆರಳು ಕೂರಲಿಲ್ಲ.

ಈಗ ಹೊಳೆಗೆ ಸೇತುವೆ ಬಂದಿದೆ. ಮೊಮ್ಮಗನ ಗಾಡಿಗಳು ಎರಡೂ ದಂಡೆಗೆ ಓಡಾಡುತ್ತವೆ, ಡಬ್ಬಿಗಳು ಚಾಡಿ ಹೇಳುತ್ತವೆ. ನಿನ್ನೆ ಅವನು ಫೋನ್ ತೋರಿಸಿ, ಒಬ್ಬ ಡ್ರೈವರನಿಗೆ ಅದು ಹಸಿರು ಗುರುತು ಕೊಟ್ಟಿದೆ ಅಂದ. "ಅದನ್ನ ಅವ್ನಿಗೆ ಬಾಯ್ಬಿಟ್ಟು ಹೇಳಿದೇನು?" ಅಂತ ಕೇಳಿದೆ. "ಹೇಳೂದೇನೈತಿ ಮುತ್ಯಾ, ಅವ್ನಿಗೂ ಕಾಣ್ತೈತಲ್ಲ," ಅಂದ. ಹೋಗಿ ಹೇಳು ಅಂತ ಅವನನ್ನು ಅಟ್ಟಿದೆ. ಅಂಗಳದಲ್ಲಿ ಚಕ್ರಕ್ಕೆ ಸಿಕ್ಕ ನಿಂಬೆ ಸಿಪ್ಪೆಗಳು ಇನ್ನೂ ಬಿದ್ದಿವೆ. ಬಿಸಿಲಿಗೆ ಒಣಗಿ ವಾಸನೆ ಹೋಗಿದೆ.

ಪಂಥದ ಮಾತು ಮರೆತಿಲ್ಲ. ದೇವರ ಮಾಡಿನ ಆ ಒಣ ನಿಂಬೆಹಣ್ಣೇ ನಾನು ಕಟ್ಟಿದ್ದು ಅಂತ ನೀವು ಹೇಳುತ್ತೀರಿ. ಎಲ್ಲರೂ ಹಾಗೇ ಹೇಳುತ್ತಾರೆ. ಸೋತಿರಿ. ಅದು ಇತ್ತು, ನಾನು ಕೈಯಲ್ಲಿ ಹಿಡಿದಿದ್ದೇನೆ. ನಾನು ಕಟ್ಟಿದ್ದು, ಅಂದು ಇಳಿಹೊತ್ತಿನಲ್ಲಿ ಲಾರಿಯ ಪಕ್ಕ ಅವರು ಆಡಿದರೆಂದು ಬರೆದೆನಲ್ಲ, ಆ ಮಾತು. ಅವರು ಡ್ರೈವರ್ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಹಣ್ಣನ್ನು ತಿರುಗಿಸಿ ನೋಡಿದರು, ಜೇಬಿಗೆ ಹಾಕಿಕೊಂಡರು, ಮಗಳ ಕೈ ಹಿಡಿದು ಒಳಗೆ ಹೋದರು. ನಾನು ಇಂಜಿನ್ ಬಂದ್ ಮಾಡುವುದನ್ನೂ ಮರೆತು ಅಲ್ಲೇ ನಿಂತಿದ್ದೆ...